ದೋಷವನ್ನು ಹುಟ್ಟಿದ ಎಳೆಯಲ್ಲೇ ಹಿಡಿಯಬೇಕು



1991ರಲ್ಲಿ ಗೀಡೊ ವಾನ್ ರಾಸಮ್ ಅವರು ಹೊರತಂದ ಪೈಥಾನ್ ಭಾಷೆಯನ್ನು ನಮ್ಮ ಹಿರಿಯ ತರಗತಿಗಳ ಮಕ್ಕಳು ಇಂದು ಕಲಿಯುತ್ತಿದ್ದಾರೆ. ಅದರ ವೇಗ ಸಾಲದಿದ್ದಾಗ ಪ್ರೋಗ್ರಾಮಿನ ಒಂದು ಭಾಗವನ್ನು ಸಿ ಭಾಷೆಯಲ್ಲಿ ಬರೆದು ಜೋಡಿಸುವುದುಂಟು. ಇದನ್ನು ವಿಸ್ತರಣೆ ಎನ್ನುತ್ತಾರೆ. ಪೈಥಾನಿನಲ್ಲಿ ತಪ್ಪಾದರೆ ಪ್ರೋಗ್ರಾಮು ತಾನೇ ನಿಂತು ತಿಳಿಸುತ್ತದೆ. ಸಿ ಭಾಷೆಯಲ್ಲಿ ಹಾಗಿಲ್ಲ. ಪ್ರತಿ ಹೆಜ್ಜೆಯಲ್ಲೂ ಬರೆಯುವವರೇ ವಿಚಾರಿಸಬೇಕು.

ಅಂಕಪಟ್ಟಿಯನ್ನು ಕೂಡಿಸುವ ಒಂದು ವಿಸ್ತರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬ ವಿದ್ಯಾರ್ಥಿನಿಯ ಗಣಿತದ 72 ಅಂಕವು ಸಂಖ್ಯೆಯಾಗಿರದೆ, ಉದ್ಧರಣ ಚಿಹ್ನೆಗಳ ನಡುವೆ ಪಠ್ಯವಾಗಿ ದಾಖಲಾಗಿದೆ. ಅದನ್ನು ಸಿ ಸಂಖ್ಯೆಯಾಗಿ ಮಾರ್ಪಡಿಸಬೇಕಾದ ‘ಪೈಲಾಂಗ್_ಆಸ್‌ಲಾಂಗ್’ ವಿಫಲವಾಗಿ −1 ಅನ್ನು ಹಿಂದಿರುಗಿಸುತ್ತದೆ. ಜೊತೆಗೆ ದೋಷಸೂಚಕವನ್ನೂ ಗುರುತುಮಾಡುತ್ತದೆ. ಆದರೆ −1 ಎಂಬುದು ನಿಜವಾದ ಉತ್ತರವೂ ಆಗಿರಬಹುದಲ್ಲವೇ? ಆದುದರಿಂದ −1 ಬಂದೊಡನೆ ‘ಪೈಎರ್_ಅಕರ್ಡ್’ ಮೂಲಕ ದೋಷವಾಗಿದೆಯೇ ಎಂದು ಕೇಳಲೇಬೇಕು. ಕೇಳದಿದ್ದರೆ ಮೊತ್ತದಲ್ಲಿ 73 ಅಂಕಗಳು ಕಡಿಮೆಯಾಗುತ್ತವೆ.

ಕೆಲಸವೆಲ್ಲವೂ ಒಂದೇ ಎಳೆಯಲ್ಲಿ, ಅಂದರೆ ಒಂದೇ ಥ್ರೆಡ್‌ನಲ್ಲಿ ನಡೆದರೆ, ಉಳಿದ ದೋಷಸೂಚಕವನ್ನು ಪೈಥಾನ್ ಸಾಮಾನ್ಯವಾಗಿ ಕೊನೆಗಾದರೂ ಕಂಡು ಆಕ್ಷೇಪಿಸುತ್ತದೆ. ಹಲವು ಎಳೆಗಳಿದ್ದಾಗ ಅಪಾಯ ಹೆಚ್ಚು. ದೋಷಸೂಚಕವು ಇಡೀ ಪ್ರೋಗ್ರಾಮಿಗೆ ಒಂದಲ್ಲ, ಎಳೆಗೊಂದು. ಸಿ ಭಾಷೆಯಲ್ಲಿ ಹುಟ್ಟಿದ ಸಹಾಯಕ ಎಳೆಯು ‘ಪೈಜಿಲ್‌ಸ್ಟೇಟ್_ಎನ್ಶೂರ್’ ಮೂಲಕ ಪೈಥಾನಿನ ಬೀಗವನ್ನು ಪಡೆದು, ಅಂಕಗಳನ್ನು ಕೂಡಿಸಿ, ಬೀಗವನ್ನು ಮರಳಿ ಒಪ್ಪಿಸಿದಾಗ, ಆ ಎಳೆಯ ಸ್ಥಿತಿಯೊಂದಿಗೆ ಅದರ ದೋಷಸೂಚಕವೂ ಅಳಿದುಹೋಗುತ್ತದೆ. ಆಮೇಲೆ ಮುಖ್ಯ ಎಳೆಯು ತನ್ನ ಸೂಚಕವನ್ನು ಎಷ್ಟು ಶ್ರದ್ಧೆಯಿಂದ ನೋಡಿದರೂ ಅಲ್ಲಿ ಏನೂ ಇರುವುದಿಲ್ಲ. ತಪ್ಪು ಮೊತ್ತವೇ ಸರಿಯೆಂದು ಅಚ್ಚಾಗುತ್ತದೆ.

ಪರಿಹಾರ ಸರಳವಾಗಿದೆ. ಸಹಾಯಕ ಎಳೆಯು ಬೀಗ ತನ್ನಲ್ಲಿರುವಾಗಲೇ ದೋಷವನ್ನು ಪರೀಕ್ಷಿಸಬೇಕು. ಕಂಡುಬಂದರೆ ಅದನ್ನು ತೆಗೆದಿರಿಸಿ ಮುಖ್ಯ ಎಳೆಗೆ ತಲುಪಿಸಬೇಕು. ಪೈಥಾನ್ 3.12ರಿಂದ ಇದಕ್ಕೆಂದೇ ‘ಪೈಎರ್_ಗೆಟ್‌ರೈಸ್ಡ್‌ಎಕ್ಸೆಪ್ಷನ್’ ಇದೆ. ಮುಖ್ಯ ಎಳೆಯು ಕಾಯುವಾಗ ಬೀಗವನ್ನು ಬಿಟ್ಟುಕೊಡಬೇಕು. ಇಲ್ಲವಾದರೆ ಎರಡೂ ಒಂದನ್ನೊಂದು ಕಾಯುತ್ತಲೇ ಉಳಿಯುತ್ತವೆ. 2024ರಲ್ಲಿ ಬಂದ 3.13ರ ಪ್ರಾಯೋಗಿಕ ರೂಪವೊಂದರಲ್ಲಿ ಆ ಬೀಗವನ್ನೇ ತೆಗೆಯಲಾಗಿದೆ. ಅಲ್ಲಿಯೂ ದೋಷಸೂಚಕ ಎಳೆಗೊಂದೇ. ಆದುದರಿಂದ ಪರೀಕ್ಷಿಸುವ ಹೊಣೆ ತಪ್ಪದು.

ಬಾಂಧವರೇ, ಕೊನೆಯ ಮೊತ್ತವನ್ನಷ್ಟೇ ನೋಡಿ ಉತ್ತರಪತ್ರಿಕೆಗೆ ಸಹಿ ಹಾಕುವವರು ನಾವಲ್ಲ. ಪುಟಪುಟವನ್ನೂ ತಿರುವಿ ನೋಡುತ್ತೇವೆ. ಪ್ರೋಗ್ರಾಮು ಬರೆಯುವ ಮಕ್ಕಳಿಗೂ ಅದೇ ರೂಢಿಯನ್ನು ಕಲಿಸೋಣ. ಏಕೆಂದರೆ ಮರೆತುಹೋದ ಒಂದು ಪ್ರಶ್ನೆಗೆ ಬೆಲೆ ತೆರುವುದು, ಪ್ರೋಗ್ರಾಮು ಬರೆದವರಲ್ಲ, ಆ 72 ಅಂಕ ಗಳಿಸಿದ ಹುಡುಗಿ.