ಕ್ಷೇತ್ರದರ್ಶನವೂ ಶಿಲಾಲೇಖವೂ



ಕೂಡಲಸಂಗಮಕ್ಕೆ ಹೋಗಿಬಾರದ ಭಕ್ತರ ಮನೆಯು ಈ ಸೀಮೆಯಲ್ಲಿ ವಿರಳ. ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಆ ಸ್ಥಳದಲ್ಲಿ ಬಸವಣ್ಣನವರು ವಿದ್ಯಾಭ್ಯಾಸ ಮಾಡಿದರು, ಕಡೆಗೆ ಅಲ್ಲಿಯೇ ಲಿಂಗೈಕ್ಯರಾದರು ಎಂಬ ನಂಬಿಗೆಯು ಭಕ್ತರನ್ನು ವರ್ಷವರ್ಷವೂ ಅತ್ತ ಸೆಳೆಯುತ್ತಿರುವದು. ಆದರೆ ಅದೇ ಹೊಳೆಯ ದಂಡೆಯನ್ನು ಹಿಡಿದು ಮೇಲಕ್ಕೆ ನಡೆದರೆ ಮೊದಲು ಐಹೊಳೆ, ಆಮೇಲೆ ಪಟ್ಟದಕಲ್ಲು ಸಿಗುವವು. ಅಲ್ಲಿಂದ ಬಾದಾಮಿಯು ಬಹುದೂರವಲ್ಲ. ಸಂಗಮದ ಯಾತ್ರಿಕರಲ್ಲಿ ಅನೇಕರು ಈ ಊರುಗಳನ್ನು ಹಾದೇ ಹೋಗುವರು. ಹಾಯುವದೆಂದರೆ ಹಾಯುವದಷ್ಟೆ. ವಾಹನವು ನಿಂತಲ್ಲಿ ಇಳಿದು, ಕಂಡ ಗುಡಿಗೆ ಕೈಮುಗಿದು, ನೆರಳಿನಲ್ಲಿ ಬುತ್ತಿಯ ಗಂಟನ್ನು ಬಿಚ್ಚಿ, ರೊಟ್ಟಿಯುಂಡು ಮುಂದಕ್ಕೆ ಸಾಗುವರು. ಬೆನ್ನಿಗೆ ಆನಿಸಿಕೊಂಡ ಗೋಡೆಯ ಮೇಲೆ ಅಕ್ಷರಗಳಿದ್ದುವೆಂಬ ಅರಿವು ಕೂಡ ಅವರಿಗೆ ಆಗುವದಿಲ್ಲ.

ಯಾತ್ರಿಕನಿಗೆ ಭಕ್ತಿಯಿದ್ದರೆ ಸಾಲದೇ, ಹಳೆಯ ಕಲ್ಲುಗಳ ಗೊಡವೆ ಏಕೆ, ಎಂದು ಕೇಳುವವರಿರುವರು. ಈ ಸಭೆಯಲ್ಲಿಯೂ ಇದ್ದಾರು. ಆ ಪ್ರಶ್ನೆಯು ತಳ್ಳಿಹಾಕತಕ್ಕುದಲ್ಲ. ಆದರೆ ಪೂರ್ವೋತ್ತರ ಮೀಮಾಂಸೆಗಳೆರಡರಲ್ಲಿಯೂ ಮೊದಲ ಸೂತ್ರದಲ್ಲಿಯೇ ಜಿಜ್ಞಾಸಾಶಬ್ದವಿರುವದನ್ನು ಪಾಠಶಾಲೆಯ ವಟುವೂ ಬಲ್ಲನು. ಅರಿಯಬೇಕೆಂಬ ಇಚ್ಛೆಯನ್ನು ಪೂರ್ವಿಕರು ಶಾಸ್ತ್ರದ ಹೊಸ್ತಿಲಲ್ಲಿಯೇ ಇರಿಸಿದರು. ಅಂಥ ಇಚ್ಛೆಯು ಯಾತ್ರೆಗೆ ಮಾತ್ರ ಹೇಗೆ ವರ್ಜ್ಯವಾದೀತು?

ಕ್ರಿ. ಶ. ೬೪೧ರ ಸುಮಾರಿಗೆ ಚೀನ ದೇಶದ ಬೌದ್ಧಭಿಕ್ಷುವಾದ ಹ್ಯುಯೆನ್‌ತ್ಸಾಂಗನು ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದನು. ಅವನು ಹೊರಟದ್ದು ತನ್ನ ಧರ್ಮದ ಗ್ರಂಥಗಳನ್ನೂ ಪುಣ್ಯಸ್ಥಳಗಳನ್ನೂ ಅರಸಿ. ಹಾಗಿದ್ದರೂ ಹಾದಿಯಲ್ಲಿ ಕಂಡ ನಾಡಿನ ನೆಲ, ಬೆಳೆ, ಜನರ ಸ್ವಭಾವ ಇವೆಲ್ಲವನ್ನೂ ಬರೆದಿಟ್ಟನು. ಈ ನಾಡಿನವರು ಮಾನಧನರು, ಉಪಕಾರವನ್ನು ಮರೆಯದವರು, ಅಪಮಾನವನ್ನು ಸಹಿಸದವರು ಎಂಬರ್ಥದ ಅವನ ಮಾತುಗಳು ಪ್ರಸಿದ್ಧವಾಗಿವೆ. ಸೋತ ಸೇನಾಪತಿಗೆ ಬೇರೆ ದಂಡನೆಯಿಲ್ಲದೆ ಹೆಂಗಸರ ಉಡುಪನ್ನು ಕೊಡುತ್ತಿದ್ದರೆಂಬುದನ್ನೂ ಅವನು ಬಿಡದೆ ಬರೆದಿರುವನು. ಧರ್ಮಶ್ರದ್ಧೆಯಲ್ಲಿ ಅವನು ಯಾರಿಗೂ ಕಡಿಮೆಯವನಲ್ಲ. ಕಣ್ಣು ತೆರೆದು ನಡೆದದ್ದರಿಂದ ಆ ಶ್ರದ್ಧೆಗೆ ಕುಂದು ಬಂದಂತೆಯೂ ಕಾಣುವದಿಲ್ಲ.

ಬಾದಾಮಿಯಿಂದಲೇ ಆರಂಭಿಸುವದು ಯಾತ್ರಿಕನಿಗೆ ಅನುಕೂಲ. ಮೊದಲನೆಯ ಪುಲಕೇಶಿಯು ಈ ಬೆಟ್ಟವನ್ನು ಕೋಟೆಯಾಗಿ ಮಾಡಿದನೆಂದು ಹೇಳುವ ೫೪೩ರ ಬರಹವು ಬಂಡೆಯ ಮೇಲಿರುವದು. ಮೂರನೆಯ ಗುಹೆಯು ೫೭೮ರಲ್ಲಿ ಮಂಗಲೇಶನು ಮಾಡಿಸಿದ್ದು. ಅದರ ಪುಣ್ಯವು ತನ್ನ ಅಣ್ಣನಾದ ಕೀರ್ತಿವರ್ಮನಿಗೆ ಸಲ್ಲಲಿ ಎಂದು ಅವನು ಬರೆಯಿಸಿದನು. ಆದರೆ ಕನ್ನಡಿಗನು ಹುಡುಕಿಕೊಂಡು ಹೋಗಬೇಕಾದುದು ಕೆರೆಯ ಆಚೆಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನು. ಅದನ್ನು ಸುಮಾರು ೭೦೦ರ ಕಾಲದ್ದೆಂದು ಪಂಡಿತರು ಎಣಿಸುವರು. ದೊರೆತಿರುವ ತ್ರಿಪದಿಗಳಲ್ಲಿ ಅತಿ ಹಳೆಯವು ಅದರಲ್ಲಿಯೇ ಇರುವವು. ಸರ್ವಜ್ಞನ ಛಂದಸ್ಸೂ, ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ಹಾಡಿನ ಛಂದಸ್ಸೂ ಅದೇ. ಗುಹೆಗಳ ಮೂರ್ತಿಗಳನ್ನು ನೋಡಲು ನೂರಾರು ಜನರು ನಿಂತಿರುವಾಗ ಈ ಬಂಡೆಯ ಬಳಿಯಲ್ಲಿ ಬಹುಶಃ ಒಬ್ಬರೂ ಇರಲಾರರು.

ಪಟ್ಟದಕಲ್ಲಿನಲ್ಲಿ ಮಾತ್ರ ಅವಸರ ಮಾಡಬಾರದು. ಇಲ್ಲಿ ಮಲಪ್ರಭೆಯು ಉತ್ತರಕ್ಕೆ ಮುಖಮಾಡಿ ಹರಿಯುವದರಿಂದ ಸ್ಥಳವು ಪಾವನವೆನಿಸಿತು; ಅರಸರಿಗೆ ಪಟ್ಟಗಟ್ಟುವ ಎಡೆಯಾದುದರಿಂದ ಈ ಹೆಸರು ಬಂದಿತೆಂದು ಹೇಳುವರು. ೧೯೮೭ರಲ್ಲಿ ಇಲ್ಲಿಯ ಗುಡಿಗಳನ್ನು ಜಗತ್ತಿನ ಪರಂಪರೆಯ ಸ್ಥಳಗಳಲ್ಲಿ ಸೇರಿಸಿದರು. ಶಿಖರವು ಮೆಟ್ಟಿಲು ಮೆಟ್ಟಿಲಾಗಿ ಏರುವ ದಕ್ಷಿಣದ ರೀತಿಯ ಗುಡಿಗಳೂ, ಬಾಗಿದ ಗೆರೆಯಲ್ಲಿ ಏರುವ ಉತ್ತರದ ರೀತಿಯ ಗುಡಿಗಳೂ ಒಂದೇ ಆವರಣದಲ್ಲಿ ಅಕ್ಕಪಕ್ಕದಲ್ಲಿ ನಿಂತಿರುವವು. ಎರಡನ್ನೂ ಒಂದೆಡೆ ನಿಂತು ಹೋಲಿಸಿ ನೋಡುವ ಯೋಗವು ಬೇರೆ ಕಡೆಯಲ್ಲಿ ಸುಲಭವಾಗಿ ದೊರೆಯದು.

ಈಗಲೂ ಪೂಜೆ ನಡೆಯುತ್ತಿರುವ ವಿರೂಪಾಕ್ಷನ ಗುಡಿಗೆ ಮೊದಲಿನ ಹೆಸರು ಲೋಕೇಶ್ವರ. ಎರಡನೆಯ ವಿಕ್ರಮಾದಿತ್ಯನು ಮೂರು ಸಲ ಕಂಚಿಯನ್ನು ಗೆದ್ದುದರ ಸ್ಮರಣೆಗಾಗಿ ಅವನ ರಾಣಿಯಾದ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನನ ಗುಡಿಯನ್ನು ಅವಳ ತಂಗಿಯೂ ಅದೇ ಅರಸನ ರಾಣಿಯೂ ಆದ ತ್ರೈಲೋಕ್ಯಮಹಾದೇವಿಯು ಕಟ್ಟಿಸಿದಳು. ವಿಜಯದ ಸ್ಮಾರಕವೆಂದೊಡನೆ ಸುಲಿಗೆಯ ನೆನಪಾಗುವದು ಸಹಜ. ಆದರೆ ಈ ಕಥೆಯ ಇನ್ನೊಂದು ಅರ್ಧವು ಕಂಚಿಯಲ್ಲಿರುವದು. ಅಲ್ಲಿಯ ಕೈಲಾಸನಾಥನ ಗುಡಿಯ ಕಂಬವೊಂದರ ಮೇಲೆ ಇದೇ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ಗೆದ್ದು ಒಳಹೊಕ್ಕ ಅರಸನು ರಾಜಸಿಂಹೇಶ್ವರನ ಭಂಡಾರವನ್ನು ಕಂಡು, ಅದನ್ನು ತೆಗೆದುಕೊಳ್ಳದೆ ದೇವರಿಗೇ ಬಿಟ್ಟುಕೊಟ್ಟನೆಂದು ಅದು ಸಾರುವದು. ತಮಿಳು ನಾಡಿನ ನಡುವೆ, ಸೋತವರ ಗುಡಿಯಲ್ಲಿ, ಗೆದ್ದವರ ನುಡಿಯಲ್ಲಿ ಬರೆದ ಆ ಸಾಲುಗಳನ್ನು ಅಲ್ಲಿಯ ಜನರು ಹದಿಮೂರು ಶತಮಾನಗಳ ವರೆಗೆ ಅಳಿಸದೆ ಉಳಿಸಿರುವರು. ಇದು ಅರಸನ ದೊಡ್ಡತನಕ್ಕಿಂತ ಕಡಿಮೆಯದೇನಲ್ಲ. ಕಂಚಿಯ ಗುಡಿಗೂ ಪಟ್ಟದಕಲ್ಲಿನ ಈ ಗುಡಿಗೂ ಇರುವ ಹೋಲಿಕೆಯನ್ನು ಶಿಲ್ಪಜ್ಞರು ಮೊದಲಿನಿಂದಲೂ ಎತ್ತಿ ಹೇಳುತ್ತ ಬಂದಿರುವರು.

ಕಟ್ಟಿಸಿದವರ ಹೆಸರು ಎಲ್ಲೆಡೆಯೂ ಉಳಿಯುವದು. ಕಟ್ಟಿದವರದು ಉಳಿಯುವದು ಅಪರೂಪ. ಇಲ್ಲಿ ಅದೂ ಉಳಿದಿದೆ. ವಿರೂಪಾಕ್ಷನ ಗುಡಿಯನ್ನು ಕಟ್ಟಿದ ಸೂತ್ರಧಾರಿಯು ಗುಂಡನೆಂಬವನು. ಅನಿವಾರಿತಾಚಾರಿಯೆಂಬ ಬಿರುದನ್ನು ಪಡೆದ ಅವನಿಗೆ ಅರಸನು ಮನ್ನಣೆಯಿತ್ತುದನ್ನು ಮೂಡಣ ಬಾಗಿಲಿನ ಬಳಿಯ ಬರಹವು ಹೇಳುವದು. ಸರ್ವಸಿದ್ಧಿ ಆಚಾರಿಯೆಂಬ ಇನ್ನೊಬ್ಬನ ಕೀರ್ತಿಯೂ ಅಲ್ಲಿಯೇ ಇರುವದು. ಪಾಪನಾಥನ ಗುಡಿಯಲ್ಲಿ ರೇವಡಿ ಓವಜ್ಜನೆಂಬ ಶಿಲ್ಪಿಯ ಹೆಸರಿದೆ. ಕಾಯಕವನ್ನು ಕೈಲಾಸವೆಂದು ನಂಬಿದ ಪರಂಪರೆಯವರು ಉಳಿಯ ಕೈಗಳ ಈ ಹೆಸರುಗಳನ್ನು ಓದದೆ ಬಂದರೆ ಅದೊಂದು ವಿಪರ್ಯಾಸವೇ ಸರಿ.

ಇನ್ನೊಂದು ಕಂಬವನ್ನು ಹೇಳದೆ ಇಲ್ಲಿಂದ ಮುಂದಕ್ಕೆ ಹೋಗುವಂತಿಲ್ಲ. ೭೫೪ರಲ್ಲಿ, ಎರಡನೆಯ ಕೀರ್ತಿವರ್ಮನ ಆಳಿಕೆಯಲ್ಲಿ, ಗಂಗೆಯ ಉತ್ತರದ ದಂಡೆಯ ಸೀಮೆಯಿಂದ ಬಂದ ಜ್ಞಾನಶಿವನೆಂಬ ಶೈವಾಚಾರ್ಯನು ಇದನ್ನು ನಿಲ್ಲಿಸಿದನು. ಮೇಲೆ ಹೇಳಿದ ಅಕ್ಕತಂಗಿಯರ ಗುಡಿಗಳ ಸಂಗತಿಯು ಈ ಕಂಬದಲ್ಲಿಯೂ ಬಂದಿದೆ. ವಿಶೇಷವೆಂದರೆ ಒಂದೇ ಶಾಸನವನ್ನು ಎರಡು ಲಿಪಿಗಳಲ್ಲಿ ಕೆತ್ತಿರುವರು: ಒಂದು ಈ ನಾಡಿನದು, ಒಂದು ಉತ್ತರದೇಶದ್ದು. ಗಂಗೆಯಿಂದ ಮಲಪ್ರಭೆಗೆ ನಡೆದು ಬಂದ ಯಾತ್ರಿಕನೊಬ್ಬನು ತನ್ನ ಕಡೆಯವರೂ ಓದಲಿ, ಇಲ್ಲಿಯವರೂ ಓದಲಿ ಎಂದು ಬಗೆದನೇನೋ. ಈಗ ಎರಡೂ ಕಡೆಯವರಿಗೆ ಅದು ಒಡೆಯದ ಒಗಟಾಗಿದೆ. ಹಳೆಯ ಲಿಪಿಯ ಅಭ್ಯಾಸವುಳ್ಳ ಕೆಲವರು ಮಾತ್ರ ಬಲ್ಲರು.

ಐಹೊಳೆಗೆ ಬಂದವನು ಗುಡಿಗಳ ಹೆಸರಿಗೆ ಮೋಸಹೋಗದಂತೆ ಎಚ್ಚರಪಡಬೇಕು. ಲಾಡಖಾನನ ಗುಡಿಯು ಖಾನನು ಕಟ್ಟಿಸಿದ್ದಲ್ಲ, ಆ ಹೆಸರಿನವನು ಒಂದು ಕಾಲಕ್ಕೆ ಅಲ್ಲಿ ವಾಸವಾಗಿದ್ದನು. ದುರ್ಗದ ಗುಡಿಗೆ ದುರ್ಗಾದೇವಿಯಿಂದ ಹೆಸರು ಬಂದುದಲ್ಲ, ಬಳಿಯಿದ್ದ ಕೋಟೆಯಿಂದ ಬಂದುದು. ಊರವರು ಗುಡಿಗಳಲ್ಲಿ ವಾಸಿಸಿದರೆಂದು ನಗುವ ಪಟ್ಟಣಿಗರಿರುವರು. ಆದರೆ ಆ ವಾಸವೇ ಕೆಲವು ಗೋಡೆಗಳನ್ನು ಬೀಳದಂತೆ ಹಿಡಿದಿದ್ದೀತು. ಪರಶುರಾಮನು ಇಲ್ಲಿಯ ಹೊಳೆಯಲ್ಲಿ ಕೊಡಲಿಯನ್ನು ತೊಳೆದನೆಂಬ ಕಥೆಯನ್ನು ಊರಿನ ಮುದುಕರು ಹೇಳುವರು. ಅದನ್ನೂ ಕೇಳಿ ಬರೆದುಕೊಳ್ಳಬೇಕು, ಶಾಸನದ ಮಾತನ್ನೂ ಬರೆದುಕೊಳ್ಳಬೇಕು. ಒಂದರಲ್ಲಿ ಇನ್ನೊಂದನ್ನು ಕಲೆಸಬಾರದು.

ಊರ ಮೇಲಿನ ಗುಡ್ಡದಲ್ಲಿರುವ ಮೇಗುತಿಯು ಜೈನಾಲಯ. ಅದರ ಗೋಡೆಯಲ್ಲಿ ರವಿಕೀರ್ತಿಯು ರಚಿಸಿದ ೩೭ ಸಂಸ್ಕೃತ ಶ್ಲೋಕಗಳಿವೆ. ಪುಲಕೇಶಿಯು ಹರ್ಷನನ್ನು ತಡೆದ ಸಂಗತಿಯು ಬಂದಿರುವದು ಇದರಲ್ಲಿಯೇ. ಕವಿಯು ತನ್ನ ಕಾಲವನ್ನು ಭಾರತಯುದ್ಧದಿಂದ ೩೭೩೫ ವರ್ಷಗಳೆಂದೂ ಶಕವರ್ಷ ೫೫೬ ಎಂದೂ ಎಣಿಸಿ ಹೇಳಿರುವನು, ಅಂದರೆ ಕ್ರಿ. ಶ. ೬೩೪. ತನ್ನ ಕೀರ್ತಿಯನ್ನು ಕಾಳಿದಾಸಭಾರವಿಗಳ ಕೀರ್ತಿಗೆ ಸರಿಗಟ್ಟಿಕೊಂಡಿರುವನು. ಕವಿಯ ಆತ್ಮಪ್ರಶಂಸೆಯು ಸಾಮಾನ್ಯವಾಗಿ ಯಾರಿಗೂ ಉಪಯೋಗವಿಲ್ಲದ್ದು. ಇಲ್ಲಿ ಮಾತ್ರ, ಆ ಮಹಾಕವಿಗಳಿಬ್ಬರೂ ೬೩೪ಕ್ಕಿಂತ ಮೊದಲೇ ಪ್ರಖ್ಯಾತರಾಗಿದ್ದರೆಂಬುದಕ್ಕೆ ಈ ಬಡಿವಾರವೇ ಪ್ರಮಾಣವಾಗಿ ಪರಿಣಮಿಸಿತು! ಸಂಸ್ಕೃತಕಾವ್ಯದ ಕಾಲವಿಚಾರ ಮಾಡುವವರೆಲ್ಲರೂ ಐಹೊಳೆಯ ಈ ಗುಡ್ಡವನ್ನು ಮನಸ್ಸಿನಲ್ಲಿಯಾದರೂ ಏರಲೇಬೇಕು. ಇದೇ ಊರಿನ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘವು ದಕ್ಷಿಣದೇಶವನ್ನೆಲ್ಲ ಸುತ್ತಿ ಕಡಲಾಚೆಗೂ ಹೋಯಿತು. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ೧೦೮೮ರ ತಮಿಳು ಶಾಸನವು ಐನೂರ್ವರನ್ನು ಹೆಸರಿಸುವದು.

ಇಷ್ಟೆಲ್ಲ ಅರಸರ, ವರ್ತಕರ, ಕವಿಗಳ ಮಾತಾಯಿತು. ಶರಣಮಾರ್ಗದವರಿಗೆ ಇದರಿಂದೇನು ಎಂದರೆ, ಅರ್ಜುನವಾಡದ ಕಲ್ಲನ್ನು ನೆನೆಯಬೇಕು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಆ ಗ್ರಾಮದಲ್ಲಿ ಸೇವುಣ ಕನ್ನರನ ಕಾಲದ, ೧೨೬೦ರ ಶಾಸನವಿದೆ. ತರ್ದವಾಡಿಯ ಸೀಮೆಯ ಬಾಗೇವಾಡಿಯ ಮಾದಿರಾಜನ ಮಗನಾದ ಬಸವರಾಜನ ಹೆಸರು ಅದರಲ್ಲಿದೆ. ಬಸವಣ್ಣನವರ ಐತಿಹಾಸಿಕತೆಯನ್ನು ಕುರಿತು ವಾದಗಳು ನಡೆದಾಗ ಪುರಾಣಗಳನ್ನೊಪ್ಪದವರೂ ಈ ಕಲ್ಲನ್ನು ಒಪ್ಪಬೇಕಾಯಿತು. ಈ ಕಲ್ಲನ್ನು ಯಾರಾದರೂ ಒಗೆಯುವ ಬಂಡೆಯನ್ನಾಗಿಯೋ, ಜೀರ್ಣೋದ್ಧಾರದ ಹುಮ್ಮಸ್ಸಿನಲ್ಲಿ ತಳಪಾಯದ ಕಲ್ಲನ್ನಾಗಿಯೋ ಮಾಡಿದ್ದರೆ ಗತಿಯೇನು?

ತಾಳೆಯೋಲೆಗಳಿಗೆ ಅಂಥದೇ ಗತಿಯು ಬರುವದರಲ್ಲಿತ್ತು. ವಚನಗಳ ಕಟ್ಟುಗಳು ಎಷ್ಟೋ ಮನೆಗಳಲ್ಲಿಯೂ ಮಠಗಳಲ್ಲಿಯೂ ಜಗುಲಿಯ ಮೇಲೆ ಕುಳಿತು ವಿಭೂತಿ ಪತ್ರೆಗಳನ್ನು ಪಡೆಯುತ್ತಿದ್ದುವು, ಬಿಚ್ಚಿ ಓದುವವರಿರಲಿಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅವುಗಳನ್ನು ಅರಸುತ್ತ ಊರೂರು ತಿರುಗಿ, ಪಾಠಗಳನ್ನು ತಾಳೆನೋಡಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಈ ದಿನ ಹಸುಳೆಯ ಬಾಯಿಯಲ್ಲಿಯೂ ವಚನವಿರುವದು ಅಂಥ ಪ್ರಯಾಸದ ಫಲ. ಓಲೆಯನ್ನು ಪೂಜಿಸಿದವರ ಭಕ್ತಿಗೆ ಕೊರತೆಯಿರಲಿಲ್ಲ. ಅವರು ಕಾಯದಿದ್ದರೆ ಹಳಕಟ್ಟಿಯವರಿಗೆ ಓಲೆಗಳೇ ಸಿಗುತ್ತಿರಲಿಲ್ಲವೆಂಬುದೂ ನಿಜ. ಆದರೆ ಹುಳು ಹಿಡಿದು ಪುಡಿಯಾದ ಕಟ್ಟುಗಳಲ್ಲಿ ಏನಿದ್ದಿತೆಂಬುದನ್ನು ಇನ್ನು ಯಾರೂ ಹೇಳಲಾರರು.

ಶಿಲೆಗೆ ಹುಳು ಹಿಡಿಯದು, ಮನುಷ್ಯನು ಹಿಡಿಯುವನು. ಚಾಕುವಿನಿಂದ ತನ್ನ ಹೆಸರನ್ನು ಕೊರೆಯುವವನು ಒಬ್ಬ. ಅವನನ್ನು ಎಲ್ಲರೂ ಬೈಯುವರು. ಆದರೆ ಅವನಿಗಿಂತ ಹೆಚ್ಚಿನ ಹಾನಿಯು ಭಕ್ತಿಯಿಂದಲೇ ಆಗುತ್ತಿರುವದನ್ನು ಈ ಮಹೋತ್ಸವದ ಸಂದರ್ಭದಲ್ಲಿ ನುಡಿಯುವದು ಕಟುವಾದರೂ ಅವಶ್ಯ. ಉತ್ಸವವು ಬಂದೊಡನೆ ಹಳೆಯ ಗುಡಿಗೆ ಸುಣ್ಣ ಬಳಿಯುವರು, ಬಣ್ಣ ಹಚ್ಚುವರು. ಅಕ್ಷರಗಳ ಮೇಲೆ ಎಣ್ಣೆಯೂ ಕುಂಕುಮವೂ ಪದರುಗಟ್ಟುವವು. ಮುರಿದ ಕಲ್ಲನ್ನು ಕಿತ್ತು ಹೊಳೆಗೆ ಹಾಕಿ ನುಣುಪಾದ ಹಾಸುಗಲ್ಲನ್ನು ಹಾಸುವರು. ದಾನಿಯ ಹೆಸರಿನ ಹೊಸ ಫಲಕವು ಎದ್ದು ನಿಲ್ಲುವದು. ಅದರ ಕೆಳಗೆ ಏಳುನೂರು ವರ್ಷಗಳ ಹಿಂದಿನ ಇನ್ನೊಬ್ಬ ದಾನಿಯ ಹೆಸರು ಹೂತುಹೋಗುವದು. ಇಂದಿನ ಫಲಕಕ್ಕೂ ಮುಂದೆ ಅದೇ ಗತಿಯೆಂಬುದನ್ನು ದಾನಿಗಳು ಯೋಚಿಸಿದಂತಿಲ್ಲ.

ಅಕ್ಷರವಿರುವ ಕಲ್ಲು ಕಂಡರೆ ಮಾಡಬೇಕಾದ ಕೆಲಸವು ದೊಡ್ಡದಲ್ಲ. ಶಾಸನದ ಪಂಡಿತರು ಮೊದಲು ಕಲ್ಲನ್ನು ನೀರಿನಿಂದ ತೊಳೆದು, ನೆನೆದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಮೆಲ್ಲಮೆಲ್ಲನೆ ಬಡಿಯುವರು. ಕಾಗದವು ಅಕ್ಷರದ ತಗ್ಗುಗಳಲ್ಲಿ ಇಳಿಯುವದು. ಆಮೇಲೆ ಮಸಿಯ ಗುಬುಟಿನಿಂದ ಮೇಲೆ ಮೇಲೆ ತಟ್ಟಿದರೆ ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಮೂಡುವವು. ಕಲ್ಲಿಗೆ ಕಿಂಚಿತ್ತೂ ಧಕ್ಕೆಯಿಲ್ಲ. ಆದುದರಿಂದ ಗುಡಿಯನ್ನಾಗಲಿ ಮಠವನ್ನಾಗಲಿ ಬಿಚ್ಚುವ ಮುನ್ನ ಇಂಥ ಪ್ರತಿಯೊಂದನ್ನು ತೆಗೆಯಿಸಿಕೊಂಡರೆ ಸಾಕು. ಕೇಂದ್ರ ಪುರಾತತ್ತ್ವ ಇಲಾಖೆಯ ಶಾಸನಶಾಖೆಯು ಮೈಸೂರಿನಲ್ಲಿಯೇ ಇರುವದು. ಪಾಠಶಾಲೆಗಳಲ್ಲಿಯೂ ವ್ಯಾಕರಣದ ಜೊತೆಗೆ ವಾರಕ್ಕೊಂದು ತಾಸು ಹಳಗನ್ನಡ ಲಿಪಿಯನ್ನು ಕಲಿಸಬಹುದು. ಇಂದಿನ ಕನ್ನಡ ಬಲ್ಲ ಜಾಣ ಹುಡುಗನು ಹನ್ನೆರಡನೆಯ ಶತಮಾನದ ಅಕ್ಷರಗಳನ್ನು ಹಿಡಿಯಲು ಬಹಳ ದಿನಗಳು ಬೇಕಾಗಲಾರವು.

ಶರಣಬಂಧುಗಳು ಮುಂದಿನ ಸಲ ಸಂಗಮಕ್ಕೆ ಹೊರಡುವಾಗ ಒಂದು ದಿನವನ್ನು ಹೆಚ್ಚಿಗೆ ಇಟ್ಟುಕೊಂಡು, ಬಾದಾಮಿಯಿಂದ ಹೊಳೆಯ ಜೊತೆಗೆ ಕೆಳಗಿಳಿಯಲಿ. ಬೆಳಗಿನ ಓರೆಬಿಸಿಲಿನಲ್ಲಿ ಅಕ್ಷರಗಳು ಎದ್ದು ಕಾಣುವವು, ನಡುಹಗಲಿನಲ್ಲಿ ಕಾಣಲಾರವು; ಆದುದರಿಂದ ಪಟ್ಟದಕಲ್ಲನ್ನು ಹೊತ್ತು ಮೂಡಿದ ಕೂಡಲೆ ನೋಡುವದು ಲೇಸು. ಐಹೊಳೆಯನ್ನು ನೋಡಿ ಸಂಜೆಗೆ ಸಂಗಮವನ್ನು ಸೇರಬಹುದು. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಈಗ ಐಕ್ಯಸ್ಥಲವನ್ನು ಸುತ್ತಿಕೊಂಡಿರುವದು. ನೀರು ಒಳನುಗ್ಗದಂತೆ ಅದರ ಸುತ್ತಲೂ ಬಾವಿಯ ಹಾಗೆ ದುಂಡಾದ ಎತ್ತರದ ಗೋಡೆಯನ್ನು ಕಟ್ಟಿರುವರು. ಸೇತುವೆಯ ಮೇಲಿಂದ ನಡೆದು, ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು, ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ, ಹಳೆಯ ಕಲ್ಲಿನ ಪುಟ್ಟ ಮಂಟಪದ ಮುಂದೆ ನಿಲ್ಲಬೇಕು.