ಕೇಪಿನ ಕೋವಿಯ ಕುದುರೆ ಕೆಟ್ಟಾಗ

ಕೊಡಗಿನ ಕೊಡವರ ಮನೆಗಳಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುವುದು ವಾಡಿಕೆ. ಯಾರಾದರೂ ತೀರಿಕೊಂಡರೆ ಎರಡು ಗುಂಡು, ಒಂದರ ಹಿಂದೆ ಒಂದು. ಗುಡ್ಡಕ್ಕೊಂದು ಮನೆಯಿರುವ ಆ ನಾಡಿನಲ್ಲಿ ಹುಟ್ಟು ಸಾವುಗಳ ಸುದ್ದಿ ಹೋಗುತ್ತಿದ್ದದ್ದು ಹೀಗೆ. ಟೆಲಿಫೋನು ಬಂದ ಮೇಲೂ ಈ ಪದ್ಧತಿ ಅಳಿಸಿ ಹೋಗಿಲ್ಲ.

ಸುಮಾರು 25 ವರ್ಷಗಳ ಹಿಂದೆ ನಾನು ಆ ಸೀಮೆಯ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಆಷಾಢದ ಜಡಿಮಳೆಯ ಒಂದು ಬೆಳಗ್ಗೆ ನೆರೆಮನೆಯ ಹಿರಿಯರು ತೀರಿಕೊಂಡರು. ಮಳೆಗೆ ಟೆಲಿಫೋನಿನ ತಂತಿ ಹರಿದು ಬಿದ್ದಿತ್ತು. ಅವರ ತಮ್ಮ ಗೋಡೆಯ ಮೇಲಿದ್ದ ಜೋಡುನಳಿಗೆಯ ಕೇಪಿನ ಕೋವಿಯನ್ನು ಇಳಿಸಿ, ಎರಡು ನಳಿಗೆಗೂ ಬರಿಯ ಮದ್ದು ತುಂಬಿ, ಎರಡು ಕುದುರೆಗಳನ್ನೂ ಎತ್ತಿ, ಮುಂದಿನ ಟ್ರಿಗರನ್ನು ಎಳೆದರು. ಎರಡು ನಳಿಗೆಗಳೂ ಒಟ್ಟಿಗೆ ಹಾರಿದವು. ಕೇಳಿಸಿದ್ದು ಒಂದೇ ಸದ್ದು. ಆ ಮನೆಯ ಸೊಸೆಗೆ ದಿನ ತುಂಬಿದೆಯೆಂದು ಬಲ್ಲ ಕಣಿವೆಯಾಚೆಯ ನಂಟರು, ಗಂಡು ಹುಟ್ಟಿತೆಂದು ತಿಳಿದು, ಬಾಳೆಹಣ್ಣು ಬೆಲ್ಲ ಕಟ್ಟಿಕೊಂಡು ನಗುತ್ತ ಬಂದರು. ಅವರು ಅಂಗಳಕ್ಕೆ ಕಾಲಿಟ್ಟ ಗಳಿಗೆಯನ್ನು ನಾನು ವರ್ಣಿಸಲಾರೆ.

ಸೂತಕ ಕಳೆದ ಮೇಲೆ ಆ ತಮ್ಮನವರು ಕೋವಿಯನ್ನು ಚೀಲದಲ್ಲಿ ಸುತ್ತಿಕೊಂಡು ನನ್ನ ಮನೆಗೆ ಬಂದರು. "ಅಣ್ಣನಿಗೆ ಸಲ್ಲಬೇಕಾದ ಎರಡನೆಯ ಗುಂಡು ಸಲ್ಲಲಿಲ್ಲ, ಮೇಷ್ಟ್ರೆ. ಇದನ್ನು ಹೊಳೆಗೆ ಹಾಕಿಬಿಡಲೇ?" ಎಂದು ಕೇಳಿದರು. ನನ್ನ ತಂದೆ ಮಲೆನಾಡಿನಲ್ಲಿ ಗದ್ದೆ ಕಾಯಲು ಇಂಥದೇ ಕೋವಿ ಇಟ್ಟುಕೊಂಡಿದ್ದರು. ಅದರ ಲಾಕು ಬಿಚ್ಚಿ ಒರೆಸಿ ಕೊಡುವುದು ಹುಡುಗನಾಗಿದ್ದ ನನ್ನ ಪಾಲಿನ ಕೆಲಸ. ಆ ಸಂಗತಿ ಅವರಿಗೆ ಗೊತ್ತಿತ್ತು.

ಮೊದಲು ಈ ಕೋವಿಯ ಕುಲಗೋತ್ರವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಏಟು ಬಿದ್ದೊಡನೆ ಸಿಡಿಯುವ ರಸಾಯನದಿಂದ ಮದ್ದಿಗೆ ಬೆಂಕಿ ಮುಟ್ಟಿಸುವ ಉಪಾಯಕ್ಕೆ 1807ರಲ್ಲಿ ಪೇಟೆಂಟು ಪಡೆದವನು ಅಲೆಗ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಕೆಲವು ವರ್ಷಗಳಲ್ಲೇ ಆ ರಸಾಯನ ತಾಮ್ರದ ಪುಟ್ಟ ಟೋಪಿಯೊಳಗೆ ಸೇರಿತು. ಅದೇ ನಮ್ಮ ಕೇಪು. ಮದ್ದನ್ನೂ ಚರೆಯನ್ನೂ ಬಾಯಿಯಿಂದ ತುಂಬಿ ಗಜದಿಂದ ಜಡಿಯಬೇಕು. ಕೇಪನ್ನು ಕೊನೆಯಲ್ಲಿ ತೊಡಿಸಬೇಕು.

ಏಟು ಹಾಕುವ ಸುತ್ತಿಗೆಗೆ ಕನ್ನಡದಲ್ಲಿ ಕುದುರೆ ಎಂದು ಹೆಸರು. ಕೆಲವರು ಬೆರಳಿನಿಂದ ಎಳೆಯುವ ತುಂಡನ್ನೂ ಕುದುರೆಯೆಂದೇ ಕರೆಯುವುದರಿಂದ ಗೊಂದಲವಾಗುತ್ತದೆ. ಪಂಡಿತನಾದರೂ ಇಲ್ಲಿ ನಾನು ಅದನ್ನು ಟ್ರಿಗರು ಎಂದೇ ಹೇಳುತ್ತೇನೆ. ಕುದುರೆಯ ಬುಡ ಲಾಕಿನ ಒಳಗೆ ಒಂದು ಉಕ್ಕಿನ ಬಿಲ್ಲೆಗೆ ಸೇರಿದೆ. ಬಿಲ್ಲೆಯ ಅಂಚಿನಲ್ಲಿ ಎರಡು ಕಚ್ಚುಗಳಿವೆ. ಕುದುರೆಯನ್ನು ಅರ್ಧ ಎತ್ತಿದಾಗ ಒಂದು ಕೊಕ್ಕೆಯ ಮೂಗು ಆಳವಾದ ಮೊದಲ ಕಚ್ಚಿನಲ್ಲಿ ಕೂರುತ್ತದೆ. ಅಲ್ಲಿ ಟ್ರಿಗರನ್ನು ಎಳೆದರೂ ಕುದುರೆ ಬೀಳಬಾರದು. ಪೂರ್ತಿ ಎತ್ತಿದಾಗ ಮೂಗು ತೆಳುವಾದ ಎರಡನೆಯ ಕಚ್ಚಿಗೆ ಬರುತ್ತದೆ. ಟ್ರಿಗರು ಕೊಕ್ಕೆಯ ಬಾಲವನ್ನು ಮೇಲಕ್ಕೆ ತಳ್ಳಿದರೆ ಮೂಗು ಕಚ್ಚಿನಿಂದ ಜಾರಿ, ದೊಡ್ಡ ಸ್ಪ್ರಿಂಗು ಕುದುರೆಯನ್ನು ಕೇಪಿನ ಮೇಲೆ ಬಡಿಯುತ್ತದೆ. ಜೋಡುನಳಿಗೆಯಲ್ಲಿ ಇಂಥ ಲಾಕು ಎರಡು. ಸಾಮಾನ್ಯವಾಗಿ ಮುಂದಿನ ಟ್ರಿಗರು ಬಲ ನಳಿಗೆಗೆ, ಹಿಂದಿನದು ಎಡ ನಳಿಗೆಗೆ. ನೂರು ರೋಗಗಳ ಮೂಲವೂ ಆ ಮೂಗು ಮತ್ತು ಕಚ್ಚು ಕೂಡುವ ಕೂದಲೆಳೆಯಷ್ಟು ಜಾಗದಲ್ಲಿದೆ.

ರೋಗ ನೋಡುವುದಕ್ಕೆ ಮುಂಚೆ ಕೋವಿ ಖಾಲಿಯಿದೆಯೇ ಎಂದು ನೋಡಬೇಕು. ಇದನ್ನು ಬಾಯಿಮಾತಿನ ಮೇಲೆ ನಂಬತಕ್ಕದ್ದಲ್ಲ. ಅಜ್ಜ ತುಂಬಿಟ್ಟ ಮದ್ದು ಮೊಮ್ಮಗನ ಕಾಲದಲ್ಲೂ ಸಿಡಿದೀತು. ಕೇಪುಗಳನ್ನು ತೆಗೆದು, ಗಜವನ್ನು ನಳಿಗೆಯೊಳಗೆ ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಬೆರಳು ಹಿಡಿದು ಹೊರಗೆ ತೆಗೆಯಿರಿ. ಅದನ್ನು ನಳಿಗೆಯ ಹೊರಮೈಗೆ ಹೊಂದಿಸಿ ಹಿಡಿದಾಗ ತುದಿ ನಳಿಗೆಯ ಬುಡದ ತನಕ ಬರಬೇಕು. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಈಡು ಇದೆಯೆಂದೇ ಅರ್ಥ. ಬಾಯಿಟ್ಟು ಊದಿ ನೋಡುವ ಹುಚ್ಚು ಬೇಡ.

ಎತ್ತಿದ ಕುದುರೆ ನಿಲ್ಲದಿದ್ದರೆ ತಪ್ಪು ಲಾಕಿನದೋ ಮರದ್ದೋ ಎಂಬುದು ಮೊದಲ ಪ್ರಶ್ನೆ. ನಮ್ಮ ಮಳೆಗಾಲದಲ್ಲಿ ಹಿಡಿಯ ಮರ ನೀರು ಹೀರಿ ಉಬ್ಬುತ್ತದೆ. ಉಬ್ಬಿದ ಮರ ಕೊಕ್ಕೆಯ ಬಾಲವನ್ನು ಒತ್ತಿ ಹಿಡಿದರೆ ಮೂಗು ಕಚ್ಚಿನೊಳಕ್ಕೆ ಪೂರ್ತಿ ಇಳಿಯುವುದಿಲ್ಲ. ಟ್ರಿಗರಿಗೂ ಬಾಲಕ್ಕೂ ನಡುವೆ ಕಾಗದದಷ್ಟಾದರೂ ಸಂದು ಇರಬೇಕು. ಅದಿಲ್ಲದಿದ್ದರೂ ಹೀಗೆಯೇ ಆಗುತ್ತದೆ. ಇದನ್ನು ತಿಳಿಯಲು ಲಾಕನ್ನು ಮರದಿಂದ ಬಿಚ್ಚಿ ಕೈಯಲ್ಲಿ ಹಿಡಿದು ನೋಡಬೇಕು. ಗಜ ತೆಗೆದು, ಬೆಣೆ ತಳ್ಳಿ, ಕುದುರೆಗಳನ್ನು ಅರ್ಧ ಎತ್ತಿ, ನಳಿಗೆಗಳನ್ನು ಮೇಲೆತ್ತಿದರೆ ಕಳಚಿಕೊಳ್ಳುತ್ತವೆ. ಅನೇಕ ಜೋಡುಕೋವಿಗಳಲ್ಲಿ ಎರಡು ಲಾಕನ್ನೂ ಹಿಡಿದಿರುವುದು ಅಡ್ಡಹಾಯ್ದ ಒಂದೇ ತಿರುಪು. ಅದನ್ನು ಕೆಲವು ಸುತ್ತು ಸಡಿಲಿಸಿ, ತಲೆಯ ಮೇಲೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಎದುರಿನ ಲಾಕು ತಾನೇ ಹೊರಗೆ ಬರುತ್ತದೆ. ಚಾಕು ತೂರಿಸಿ ಮೀಟಿದರೆ ಮರದ ಅಂಚು ಸಿಗಿಯುತ್ತದೆ. ಕೈಯಲ್ಲಿ ಹಿಡಿದಾಗ ಕುದುರೆ ಗಟ್ಟಿಯಾಗಿ ನಿಂತರೆ ತಪ್ಪು ಮರದ್ದು ಅಥವಾ ಟ್ರಿಗರಿನದು. ಆಗಲೂ ನಿಲ್ಲದಿದ್ದರೆ ತಪ್ಪು ಲಾಕಿನ ಒಳಗಿದೆ.

ನಾನು ಮರವನ್ನೇ ಸಂಶಯಿಸಿದ್ದೆ. ಲಾಕು ಬಿಚ್ಚಿದಾಗ ಬಲದ್ದು ಚೊಕ್ಕವಾಗಿತ್ತು. ಎಡದ್ದು ನಿಂತಿತು; ಆದರೆ ಪೂರ್ತಿ ಎತ್ತಿದ ಕುದುರೆಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ತುಸು ಒತ್ತಿದೊಡನೆ ಜಾರಿ ಬಿತ್ತು. ಕೊಬ್ಬರಿ ಎಣ್ಣೆಯ ಹಳೆಯ ಜಿಡ್ಡನ್ನು ಸೀಮೆಎಣ್ಣೆಯಿಂದ ತೊಳೆದು ನೋಡಿದರೆ ಎರಡನೆಯ ಕಚ್ಚಿನ ತುಟಿಯ ಮೇಲೆ ಅರದ ಗೆರೆಗಳು ಕಂಡವು. ಟ್ರಿಗರು ಬಿಗಿಯೆಂದು ಯಾವ ಕಾಲದಲ್ಲೋ ಒಬ್ಬ ಕೆಲಸಗಾರ ಅದನ್ನು ಅರ ಹಾಕಿ ಹಗುರ ಮಾಡಿದ್ದ. ಇಂಥ ಹಳೆಯ ಲಾಕುಗಳಲ್ಲಿ ಗಡಸುತನ ಅನೇಕ ವೇಳೆ ಮೇಲಿನ ತೆಳುಪದರದಲ್ಲಷ್ಟೇ ಇರುತ್ತದೆ. ಅದನ್ನು ಅರ ತಿಂದರೆ ಒಳಗೆ ಮೆದು ಕಬ್ಬಿಣ. ಅದು ದಿನದಿನಕ್ಕೆ ಸವೆಯುತ್ತದೆ. ಬಲ ನಳಿಗೆ ಹಾರಿದಾಗ ಕೋವಿ ಹಿಂದಕ್ಕೆ ಒದೆಯಿತಲ್ಲ, ಆ ಒದೆತಕ್ಕೆ ಎಡದ ಮೂಗು ಜಾರಿತು. ಟ್ರಿಗರುಗಳು ಒಂದಕ್ಕೊಂದು ತಾಗಿ ಒಟ್ಟಿಗೆ ಚಲಿಸಿದರೂ ಎರಡೂ ಹಾರುವುದುಂಟು. ಅದನ್ನೂ ನೋಡಿದೆ, ಅಲ್ಲಿ ದೋಷವಿರಲಿಲ್ಲ.

ಕೊಬ್ಬರಿ ಎಣ್ಣೆಯ ಮಾತು ಬಂತು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗುತ್ತದೆ. ಮಾರ್ಗಶಿರದ ಬೆಳಗ್ಗೆ ಕುದುರೆ ಸೋಮಾರಿಯಂತೆ ಬಿದ್ದು ಕೇಪು ಸಿಡಿಯದಿದ್ದರೆ ಸ್ಪ್ರಿಂಗನ್ನು ಬಯ್ಯುವ ಮೊದಲು ಇದನ್ನು ನೆನೆಯಿರಿ. ಹೊಲಿಗೆಯಂತ್ರದ ಎಣ್ಣೆ ಒಂದು ಹನಿ ಸಾಕು. ಕೇಪು ಒಮ್ಮೆಗೆ ಸಿಡಿಯದೆ ಎರಡನೆಯ ಏಟಿಗೆ ಸಿಡಿದರೆ ಅದು ಬಿಗಿಯಾಗಿ ಪೂರ್ತಿ ಕೂತಿರಲಿಲ್ಲವೆಂದು ತಿಳಿಯಬೇಕು. ಕೇಪು ಸಿಡಿದೂ ಮದ್ದು ಹೊತ್ತದಿದ್ದರೆ ನಿಪ್ಪಲಿನ ತೂತು ಮಸಿಯಿಂದ ಮುಚ್ಚಿದೆ. ಆಗ ಕೋವಿಯನ್ನು ತಕ್ಷಣ ಇಳಿಸದೆ, ಬಾಯಿಯನ್ನು ಬಯಲಿನ ಕಡೆಗೇ ಹಿಡಿದು ಒಂದು ನಿಮಿಷ ಕಾಯಬೇಕು. ಇನ್ನೊಂದು ಮಾತು: ಒಂದು ನಳಿಗೆ ಹಾರಿಸಿ ಅದನ್ನು ಮತ್ತೆ ತುಂಬುವಾಗ ಎರಡನೆಯದರ ಕೇಪು ತೆಗೆಯದೆ ಕೈಯನ್ನು ಬಾಯಿಯ ಮೇಲೆ ತರಬಾರದು. ತೋಟಾ ಕೋವಿಯ ಹೊಗೆಯಿಲ್ಲದ ಮದ್ದನ್ನು ಇದಕ್ಕೆ ತುಂಬಿದರೆ ನಳಿಗೆಯೇ ಒಡೆದೀತು.

ತೊಳೆಯುವುದು, ಒರೆಸುವುದು, ಉಬ್ಬಿದ ಮರವನ್ನು ನೆರಳಿನಲ್ಲಿ ಆರಿಸುವುದು ನಮ್ಮಿಂದಾದೀತು. ಕಚ್ಚನ್ನು ಕೆತ್ತುವುದೂ ದೊಡ್ಡ ಸ್ಪ್ರಿಂಗನ್ನು ಕೀಳುವುದೂ ಆಗದು. ಇಕ್ಕಳದಿಂದ ಎಳೆದ ಸ್ಪ್ರಿಂಗು ಹಾರಿ ಕಣ್ಣು ಕಳೆದೀತು. 1959ರ ಆಯುಧ ಕಾಯಿದೆಯಂತೆ ಕೋವಿ ರಿಪೇರಿಯ ಕಸುಬಿಗೂ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಲಾಯಿತು. ಅದು ಕೆಲಸಗಾರನಿಗೆ ಸಲ್ಲುವ ವಿನಾಯಿತಿಯಲ್ಲ.

ಕೋವಿ ಮೈಸೂರಿಗೆ ಹೋಯಿತು. ಪರವಾನಗಿಯಿದ್ದ ಮುದುಕರೊಬ್ಬರು ಕಚ್ಚಿನ ಬಿಲ್ಲೆಯನ್ನೇ ಹೊಸದಾಗಿ ಕಡೆದು, ಗಡಸು ಮಾಡಿ ಕೂರಿಸಿದರು. ಎರಡು ತಿಂಗಳ ಮೇಲೆ ಅದು ಹಿಂದಿರುಗಿದಾಗ ನಾವಿಬ್ಬರೂ ಗದ್ದೆಯಂಚಿಗೆ ಹೋದೆವು. ಬಲ ನಳಿಗೆಗೆ ಮಾತ್ರ ಮದ್ದು ತುಂಬಿ, ಎಡದ್ದನ್ನು ಖಾಲಿ ಬಿಟ್ಟು, ಕೇಪಿಲ್ಲದೆ ಅದರ ಕುದುರೆಯನ್ನು ಪೂರ್ತಿ ಎತ್ತಿ, ಅವರು ಆಕಾಶಕ್ಕೆ ಹಾರಿಸಿದರು. ಎಡದ ಕುದುರೆ ಎತ್ತಿದಂತೆಯೇ ನಿಂತಿತ್ತು. ಮತ್ತೆ ಎರಡು ಸಲ ಹಾಗೆಯೇ ನೋಡಿದೆವು. ಅವರು ಏನೂ ಮಾತನಾಡಲಿಲ್ಲ. ಮನೆಗೆ ಬಂದು ಬಿಸಿನೀರಿನಿಂದ ನಳಿಗೆ ತೊಳೆದು, ಆರಿಸಿ, ಅಣ್ಣ ತೂಗುಹಾಕುತ್ತಿದ್ದ ಮೊಳೆಗೇ ಅದನ್ನು ತೂಗುಹಾಕಿದರು.