ಒಂದು ದೊಡ್ಡ ಸಂಖ್ಯೆಯ ಪಾಠ



67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಗುಣಲಬ್ಧದಿಂದ 1 ಕಳೆಯಿರಿ. 21 ಅಂಕಿಗಳ ಸಂಖ್ಯೆ ಬರುತ್ತದೆ: 14,75,73,95,25,89,67,64,12,927.

ಇದು ಅವಿಭಾಜ್ಯ ಸಂಖ್ಯೆ ಎಂದು ಫ್ರಾನ್ಸಿನ ಮರ್ಸೆನ್ 1644ರಲ್ಲಿ ಬರೆದರು. ಅಲ್ಲ, ಸಂಯುಕ್ತ ಸಂಖ್ಯೆ ಎಂದು ಅದೇ ದೇಶದ ಲೂಕಾಸ್ 1876ರಲ್ಲಿ ತೋರಿಸಿದರು. ಆದರೆ ಅದರ ಅಪವರ್ತನಗಳು ಯಾವುವೆಂದು ಅವರಿಗೂ ಸಿಗಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅವನ್ನು ಕಂಡುಹಿಡಿದರು: 19,37,07,721 ಮತ್ತು 7,61,83,82,57,287. ಇದಕ್ಕೆ ಮೂರು ವರ್ಷಗಳ ಭಾನುವಾರಗಳು ಹಿಡಿದವೆಂದು ಇ. ಟಿ. ಬೆಲ್ ಬರೆದಿದ್ದಾರೆ.

ಹುಡುಕಾಟಕ್ಕೂ ಒಂದು ದಾರಿಯಿದೆ. ಈ ಸಂಖ್ಯೆಯ ಯಾವುದೇ ಅಪವರ್ತನವನ್ನು 134ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ನೀವೇ ಮಾಡಿ ನೋಡಿ: 134ನ್ನು 14,45,580ರಿಂದ ಗುಣಿಸಿ 1 ಕೂಡಿಸಿದರೆ ಕೋಲ್ ಅವರ ಮೊದಲ ಅಪವರ್ತನವೇ ಬರುತ್ತದೆ.

ಉತ್ತರ ಸರಿಯೇ ಎಂದು ಗುಣಿಸಿ ನೋಡುವುದು ಸುಲಭ. ಅದನ್ನು ಹುಡುಕುವುದು ಕಷ್ಟ. 1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ಗುಪ್ತಲಿಪಿಯ ಭದ್ರತೆ ನಿಂತಿರುವುದು ಇಂಥ ಕಷ್ಟದ ಮೇಲೆಯೇ. ಅಲ್ಲಿ ಬಳಸುವ ಸಂಖ್ಯೆಗಳಲ್ಲಿ ನೂರಾರು ಅಂಕಿಗಳಿರುತ್ತವೆ.

ವಿದ್ಯಾರ್ಥಿಗಳೇ, ಮರ್ಸೆನ್ ದೊಡ್ಡ ವಿದ್ವಾಂಸರು. ಆದರೂ ಅವರ ಮಾತನ್ನು ಲೆಕ್ಕ ಮಾಡಿ ನೋಡಿದವರಿಂದಲೇ ಗಣಿತ ಬೆಳೆಯಿತು. ಪುಸ್ತಕದಲ್ಲಿದೆ ಎಂದು ಸುಮ್ಮನೆ ಒಪ್ಪಬೇಡಿ, ಪೆನ್ಸಿಲ್ ಹಿಡಿಯಿರಿ.